ನಕ್ಷೆಯ ದತ್ತಾಂಶ ವಿದೇಶಿ ಸರ್ಕಾರದ ಕೈ ಸೇರದಂತೆ ಕಾಯುವುದು ಹೇಗೆ: ಸಂಸ್ಥೆಗಳಿಗೊಂದು ಮಾರ್ಗದರ್ಶಿ

ಒಂದು ದೇಶದ ನೆಲವನ್ನು ಇನ್ನೊಂದು ದೇಶದ ಸರ್ಕಾರ ಗುಟ್ಟಾಗಿ ಅಳೆದಿಟ್ಟುಕೊಳ್ಳುವುದು ಹೊಸ ಸಂಗತಿಯಲ್ಲ. ಶೀತಲ ಸಮರದ ಕಾಲದಲ್ಲಿ ಸೋವಿಯತ್ ಸೇನೆಯ ನಕ್ಷೆ ವಿಭಾಗವು ಹೊರದೇಶಗಳ ಸಾವಿರಕ್ಕೂ ಹೆಚ್ಚು ನಗರಗಳ ನಕ್ಷೆಗಳನ್ನು 1:10,000 ಮತ್ತು 1:25,000 ಪ್ರಮಾಣದಲ್ಲಿ ಸಿದ್ಧಪಡಿಸಿತ್ತು. ಸೇತುವೆಯನ್ನು ಗುರುತಿಸುವುದಷ್ಟಕ್ಕೇ ಆ ನಕ್ಷೆಗಳು ನಿಲ್ಲುತ್ತಿರಲಿಲ್ಲ. ಅದರ ಉದ್ದ ಎಷ್ಟು, ಅಗಲ ಎಷ್ಟು, ಅದನ್ನು ಯಾವ ಸಾಮಗ್ರಿಯಿಂದ ಕಟ್ಟಲಾಗಿದೆ, ಎಷ್ಟು ಟನ್ ಭಾರ ತಡೆಯುತ್ತದೆ ಎಂಬುದನ್ನೂ ಬರೆದಿಡುತ್ತಿದ್ದವು. ಬ್ರಿಟನ್ನಿನ ಅಧಿಕೃತ ನಕ್ಷೆಗಳು ಚಾಥಮ್‌ನ ನೌಕಾಪಡೆಯ ಹಡಗುಕಟ್ಟೆಯ ವಿವರಗಳನ್ನು ಬಿಟ್ಟುಬಿಟ್ಟಿದ್ದರೆ, ಸೋವಿಯತ್ ನಕ್ಷೆಯಲ್ಲಿ ಅವು ಸ್ಪಷ್ಟವಾಗಿ ಮೂಡಿದ್ದವು. ಯಾರ ಕಣ್ಣಿಗೆ ಬೀಳಬಾರದೆಂದು ಮುಚ್ಚಿಟ್ಟರೋ ಅವರಿಗೆ ಎಲ್ಲವೂ ತಿಳಿದಿತ್ತು, ತಿಳಿಯದೆ ಉಳಿದವರು ಸ್ವಂತ ನಾಡಿನ ಜನ ಮಾತ್ರ.

ಆಗ ಇಂಥ ನಕ್ಷೆಗೆ ಗೂಢಚಾರರು, ಉಪಗ್ರಹಗಳು ಮತ್ತು ವರ್ಷಗಟ್ಟಲೆ ದುಡಿಮೆ ಬೇಕಿತ್ತು. ಈಗ ಅದೇ ಬಗೆಯ ವಿವರವನ್ನು ನೀರು, ವಿದ್ಯುತ್, ರಸ್ತೆ, ದೂರಸಂಪರ್ಕ ಸಂಸ್ಥೆಗಳು ತಮ್ಮ ಕೆಲಸಕ್ಕಾಗಿ ತಾವೇ ಸಂಗ್ರಹಿಸಿ ಸರ್ವರ್‌ಗಳಲ್ಲಿ ಇಟ್ಟುಕೊಂಡಿರುತ್ತವೆ. ಜನರ ಮೊಬೈಲ್‌ಗಳೂ ಕಾರುಗಳೂ ದಿನವಿಡೀ ಅದನ್ನು ಹೆಚ್ಚಿಸುತ್ತಲೇ ಇರುತ್ತವೆ. ಹೀಗೆ ಸೇರಿದ ದತ್ತಾಂಶವನ್ನು ಕಾಯಬೇಕಾದವರು ಸೈನಿಕರಲ್ಲ. ಸರ್ವೆ ಮಾಡಿಸುವ ಎಂಜಿನಿಯರ್, ಟೆಂಡರ್ ಷರತ್ತು ಬರೆಯುವ ಅಧಿಕಾರಿ, ಜಿಐಎಸ್ (ಕಂಪ್ಯೂಟರ್ ನಕ್ಷೆ ವ್ಯವಸ್ಥೆ) ತಂತ್ರಜ್ಞ ಮತ್ತು ಆ್ಯಪ್ ಕಟ್ಟುವ ಕಂಪನಿ. ಈ ಬರಹ ಅವರಿಗಾಗಿ. ಇದರ ಹಿಂದಿನ ನಿಲುವು ಇಷ್ಟೇ: ಆಕಾಶದಿಂದ ಕಾಣುವುದನ್ನು ಬಚ್ಚಿಡಲು ಶ್ರಮ ವ್ಯಯಿಸಬೇಡಿ, ಆಕಾಶದಿಂದ ಕಾಣದ್ದನ್ನು, ಅಂದರೆ ನೆಲದಡಿಯ ಜಾಲ, ಕಟ್ಟಡದ ಒಳಗಿನ ವಿನ್ಯಾಸ, ರಚನೆಗಳ ದೌರ್ಬಲ್ಯ ಮತ್ತು ಜನರ ಚಲನೆಯನ್ನು ಕಾಯಿರಿ.

ಮೊದಲ ಕೆಲಸ: ನಿಮ್ಮಲ್ಲಿ ಏನಿದೆ ಎಂದು ಪಟ್ಟಿ ಮಾಡುವುದು

ಬಹುತೇಕ ಸಂಸ್ಥೆಗಳಿಗೆ ತಮ್ಮ ಬಳಿ ಯಾವ ಯಾವ ನಕ್ಷೆ ದತ್ತಾಂಶವಿದೆ ಎಂಬುದು ಪೂರ್ತಿಯಾಗಿ ಗೊತ್ತಿರುವುದಿಲ್ಲ. ಮುಖ್ಯ ಸರ್ವರ್‌ನಲ್ಲಿರುವುದು ಒಂದು ಭಾಗ ಮಾತ್ರ. ಗುತ್ತಿಗೆದಾರನ ಲ್ಯಾಪ್‌ಟಾಪ್‌ನಲ್ಲಿ ಉಳಿದ ಡ್ರೋನ್ ಚಿತ್ರಗಳು, ಸರ್ವೆ ಉಪಕರಣದ ಮೆಮೊರಿ ಕಾರ್ಡ್, ಸಲಹಾ ಸಂಸ್ಥೆಗೆ ಇಮೇಲ್‌ನಲ್ಲಿ ಕಳಿಸಿದ ಫೈಲು, ಎಂದೋ ಮುಗಿದ ಯೋಜನೆಗಾಗಿ ತೆರೆದ ಕ್ಲೌಡ್ ಖಾತೆ, ಇವೆಲ್ಲವೂ ಲೆಕ್ಕಕ್ಕೆ ಬರಬೇಕು. ಪ್ರತಿಯೊಂದು ಪದರದ, ಅಂದರೆ ರಸ್ತೆ, ಕೊಳವೆಯಂಥ ಒಂದೊಂದು ಬಗೆಯ ದತ್ತಾಂಶದ, ಮುಂದೆ ಅದನ್ನು ಯಾರು, ಯಾವಾಗ, ಯಾವ ಉಪಕರಣದಿಂದ ಸಂಗ್ರಹಿಸಿದರು, ಅದರ ನಿಖರತೆ ಎಷ್ಟು, ಅದರಲ್ಲಿ ಯಾವ ಕಾಲಂಗಳಿವೆ, ಮೂಲ ಫೈಲಿನ ಪ್ರತಿಗಳು ಎಲ್ಲೆಲ್ಲಿವೆ ಎಂದು ಬರೆಯಿರಿ. ಕಾಲಂಗಳ ವಿವರವನ್ನು ಬಿಟ್ಟು ಪದರದ ಹೆಸರನ್ನಷ್ಟೇ ಬರೆದ ಪಟ್ಟಿಯಿಂದ ಪ್ರಯೋಜನವಿಲ್ಲ. ಅಪಾಯ ಅಡಗಿರುವುದೇ ಕಾಲಂಗಳಲ್ಲಿ.

ಎರಡನೆಯ ಕೆಲಸ: ಮೂರು ಪ್ರಶ್ನೆಗಳಿಂದ ಜರಡಿ ಹಿಡಿಯುವುದು

ಅಮೆರಿಕದಲ್ಲಿ 2001ರ ದಾಳಿಗಳ ನಂತರ ಸರ್ಕಾರಿ ಜಾಲತಾಣಗಳಿಂದ ನಕ್ಷೆಗಳನ್ನು ಆತುರಾತುರವಾಗಿ ತೆಗೆದುಹಾಕಲಾಯಿತು. ಈ ಕ್ರಮ ಎಷ್ಟು ಸಾರ್ಥಕ ಎಂದು ತಿಳಿಯಲು ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ ನಡೆಸಿದ ಅಧ್ಯಯನ 2004ರಲ್ಲಿ ಹೊರಬಂತು. ಅದು ಪರಿಶೀಲಿಸಿದ 629 ಸಾರ್ವಜನಿಕ ದತ್ತಾಂಶ ಸಂಗ್ರಹಗಳಲ್ಲಿ ಶೇಕಡ 6ಕ್ಕಿಂತ ಕಡಿಮೆ ಮಾತ್ರ ದಾಳಿಕೋರನಿಗೆ ಉಪಯುಕ್ತವೆನಿಸಿದವು; ಉಪಯುಕ್ತವೂ ಆಗಿದ್ದು ಬೇರೆಲ್ಲೂ ಸಿಗದಂಥದ್ದೂ ಆಗಿದ್ದವು ಶೇಕಡ 1ರಷ್ಟೂ ಇರಲಿಲ್ಲ. ಮರುವರ್ಷ, 2005ರಲ್ಲಿ, ಸರ್ಕಾರಿ ನಕ್ಷೆ ದತ್ತಾಂಶದ ಸಮನ್ವಯ ನೋಡುವ ಅಲ್ಲಿನ ಫೆಡರಲ್ ಜಿಯೋಗ್ರಾಫಿಕ್ ಡೇಟಾ ಕಮಿಟಿ ಇದೇ ಜಾಡಿನಲ್ಲಿ ಒಂದು ವಿಧಾನವನ್ನು ಪ್ರಕಟಿಸಿತು. ಅದರ ತಿರುಳು ಮೂರು ಪ್ರಶ್ನೆಗಳಲ್ಲಿದೆ. ಈ ಮಾಹಿತಿ ಎದುರಾಳಿಗೆ ಗುರಿ ಆರಿಸಲು ಅಥವಾ ದಾಳಿ ಯೋಜಿಸಲು ನೆರವಾಗುತ್ತದೆಯೇ? ಇದು ಬೇರೆ ಮೂಲಗಳಿಂದ ಸುಲಭವಾಗಿ ಸಿಗುವುದಿಲ್ಲವೇ? ಇದನ್ನು ಮುಚ್ಚುವುದರಿಂದ ಆಗುವ ನಷ್ಟಕ್ಕಿಂತ ತೆರೆದಿಡುವುದರ ಅಪಾಯವೇ ದೊಡ್ಡದೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಮಾತ್ರ ಬಾಗಿಲು ಹಾಕಬೇಕು.

ಆ ಅಧ್ಯಯನದ ಮನಸ್ಸಿನಲ್ಲಿದ್ದವರು ಭಯೋತ್ಪಾದಕರು. ಎದುರಾಳಿ ಒಂದು ಸರ್ಕಾರವಾದಾಗ ಎರಡನೆಯ ಪ್ರಶ್ನೆಯ ಉತ್ತರ ಬಹಳ ಬದಲಾಗುತ್ತದೆ, ಏಕೆಂದರೆ ಸರ್ಕಾರಗಳಿಗೆ ಸ್ವಂತ ಉಪಗ್ರಹಗಳಿವೆ, ಇಲ್ಲದಿದ್ದರೆ ಚಿತ್ರಗಳನ್ನು ಕೊಳ್ಳುವ ಹಣವಿದೆ. ನೆಲದ ಏರಿಳಿತದ ದತ್ತಾಂಶವನ್ನೇ ನೋಡಿ. ಕ್ರೂಸ್ ಕ್ಷಿಪಣಿಗಳು ಹಾರುವಾಗ ಕೆಳಗಿನ ನೆಲದ ಎತ್ತರವನ್ನು ಅಳೆದು, ತಮ್ಮೊಳಗೆ ತುಂಬಿದ ನಕ್ಷೆಯೊಂದಿಗೆ ಹೋಲಿಸಿಕೊಂಡು ದಾರಿ ಹಿಡಿಯುತ್ತಿದ್ದ ಕಾಲದಲ್ಲಿ ಇಂಥ ದತ್ತಾಂಶ ಶುದ್ಧ ಸೇನಾ ರಹಸ್ಯವಾಗಿತ್ತು. 2000ದ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ಎಂಡೆವರ್ 11 ದಿನಗಳ ಯಾನದಲ್ಲಿ ರೇಡಾರ್ ಬಳಸಿ ಭೂಮಿಯ ನೆಲದ ಸುಮಾರು ಶೇಕಡ 80 ಭಾಗದ ಎತ್ತರವನ್ನು ದಾಖಲಿಸಿತು. ಅಮೆರಿಕದ ಹೊರಗಿನ ಪ್ರದೇಶಗಳ ದತ್ತಾಂಶವನ್ನು ಮೊದಲು ಸುಮಾರು 90 ಮೀಟರ್‌ಗೊಂದು ಅಳತೆಯಂಥ ಅಂತರದಲ್ಲಷ್ಟೇ ಹೊರಬಿಡಲಾಯಿತು. 2014ರಿಂದ ಹಂತ ಹಂತವಾಗಿ 30 ಮೀಟರ್ ಅಂತರದ ದತ್ತಾಂಶವೂ ಎಲ್ಲರಿಗೂ ಸಿಕ್ಕಿತು. ಹೀಗಿರುವಾಗ ಯಾವುದೋ ಕಚೇರಿಯಲ್ಲಿ ಒರಟು ಎತ್ತರದ ನಕ್ಷೆಯೊಂದನ್ನು ಇಂದಿಗೂ ಬೀಗ ಹಾಕಿ ಇಟ್ಟಿದ್ದರೆ, ಅದು ಯಾರನ್ನೂ ಕಾಯುತ್ತಿಲ್ಲ.

ಈಗ ಒಂದು ಸೇತುವೆಯ ದಾಖಲೆಯನ್ನು ಹತ್ತಿರದಿಂದ ನೋಡೋಣ. ರಸ್ತೆ ವಿಭಾಗದ ಪಟ್ಟಿಯಲ್ಲಿ ಒಂದು ಸಾಲು: ಸೇತುವೆಯ ಹೆಸರು, ಅಕ್ಷಾಂಶ ಮತ್ತು ರೇಖಾಂಶ, ಉದ್ದ, ಅಗಲ, ಕಂಬಗಳ ಸಂಖ್ಯೆ, ಭಾರದ ಮಿತಿ, ಕಟ್ಟಿದ ವರ್ಷ, ಕೊನೆಯ ತಪಾಸಣೆಯ ದಿನಾಂಕ, ತಪಾಸಣಾಧಿಕಾರಿಯ ಟಿಪ್ಪಣಿ, ಸೇತುವೆಯಡಿ ಹಾದುಹೋಗುವ ಕೇಬಲ್ ಮತ್ತು ಕೊಳವೆಗಳು. ಇವುಗಳಲ್ಲಿ ಹೆಸರು, ಸ್ಥಳ, ಉದ್ದ, ಅಗಲಗಳು ಸಾಮಾನ್ಯ ನಕ್ಷೆ ಅಥವಾ ಉಪಗ್ರಹ ಚಿತ್ರದಿಂದಲೇ ಸಿಗುತ್ತವೆ. ಇವನ್ನು ಮುಚ್ಚಿದರೆ ಲಾರಿ ಚಾಲಕನಿಗೂ ಆಂಬುಲೆನ್ಸ್‌ಗೂ ತೊಂದರೆಯಾಗುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ. ಭಾರದ ಮಿತಿ ಫಲಕದ ಮೇಲೆಯೇ ಬರೆದಿರುತ್ತದೆ. ಆದರೆ ಒಂದೇ ಸೇತುವೆಯ ಫಲಕವನ್ನು ಓದುವುದು ಬೇರೆ, ಇಡೀ ದೇಶದ ಸೇತುವೆಗಳ ಭಾರದ ಮಿತಿ ಒಂದೇ ಫೈಲಿನಲ್ಲಿ ಸಿಗುವುದು ಬೇರೆ; ಎರಡನೆಯದು ಸಿಕ್ಕಿದವನಿಗೆ ಭಾರೀ ವಾಹನಗಳ ದಂಡು ಯಾವ ದಾರಿಯಲ್ಲಿ ಸಾಗಬಲ್ಲದು, ಯಾವ ಎರಡು ಸೇತುವೆಗಳನ್ನು ಕೆಡವಿದರೆ ಒಂದು ಪ್ರಾಂತ್ಯ ಕಡಿದುಹೋಗುತ್ತದೆ ಎಂದು ಕಂಪ್ಯೂಟರಿನ ಮುಂದೆ ಕುಳಿತೇ ಲೆಕ್ಕ ಹಾಕಲು ಬರುತ್ತದೆ. ಇನ್ನು ತಪಾಸಣಾಧಿಕಾರಿಯ ಟಿಪ್ಪಣಿ, ಎಂದರೆ ಯಾವ ಕಂಬದ ಬುಡದಲ್ಲಿ ಮಣ್ಣು ಕೊಚ್ಚಿಹೋಗಿದೆ, ಯಾವ ತೊಲೆಯಲ್ಲಿ ಬಿರುಕಿದೆ ಎಂಬುದು, ಮತ್ತು ಅಡಿಯಲ್ಲಿ ಹಾದುಹೋಗುವ ಕೇಬಲ್‌ಗಳ ಪಟ್ಟಿ ಯಾವ ಉಪಗ್ರಹಕ್ಕೂ ಕಾಣುವುದಿಲ್ಲ. ಇಡೀ ಸಾಲಿನಲ್ಲಿ ಕಾಯಬೇಕಾದದ್ದು ಈ ಎರಡು ಕಾಲಂಗಳನ್ನು, ಮತ್ತು ಎಲ್ಲ ಸಾಲುಗಳನ್ನೂ ಒಟ್ಟಿಗೆ ಒಯ್ಯಬಲ್ಲ ಸೌಲಭ್ಯವನ್ನು.

ಇದೇ ಬಗೆಯಲ್ಲಿ ವಿದ್ಯುತ್ ಜಾಲ, ಕುಡಿಯುವ ನೀರಿನ ಕೊಳವೆ, ಇಂಧನ ಕೊಳವೆ, ಫೈಬರ್ ಕೇಬಲ್ ಪದರಗಳನ್ನು ಬಿಡಿಸಿ ನೋಡಿ. ಉಪಕೇಂದ್ರ ಎಲ್ಲಿದೆ ಎಂಬುದು ಗುಟ್ಟಲ್ಲ. ಯಾವ ಉಪಕೇಂದ್ರ ಕೆಟ್ಟರೆ ಯಾವ ಆಸ್ಪತ್ರೆ, ಯಾವ ವಿಮಾನ ನಿಲ್ದಾಣ, ಯಾವ ಸೇನಾ ನೆಲೆ ಕತ್ತಲಾಗುತ್ತದೆ ಎಂಬ ಅವಲಂಬನೆಯ ಸರಪಳಿ ಗುಟ್ಟು. ಎರಡು ಕೇಬಲ್‌ಗಳು ಬೇರೆ ಬೇರೆ ಕಂಪನಿಗಳವಾದರೂ ಒಂದೇ ಗುಂಡಿಯಲ್ಲಿ ಹಾದುಹೋಗುತ್ತವೆ ಎಂಬುದು ಗುಟ್ಟು.

ಮೂರನೆಯ ಕೆಲಸ: ಚಲನೆಯ ದತ್ತಾಂಶವನ್ನು ಪ್ರತ್ಯೇಕವಾಗಿ ನೋಡುವುದು

ಕಟ್ಟಡಗಳ ನಕ್ಷೆಗಿಂತ ಮನುಷ್ಯರ ಚಲನೆಯ ನಕ್ಷೆ ಹೆಚ್ಚು ಅಪಾಯಕಾರಿ ಎಂದು ನಾನು ಖಚಿತವಾಗಿ ಹೇಳುತ್ತೇನೆ, ಏಕೆಂದರೆ ಕಟ್ಟಡ ಏತಕ್ಕಾಗಿ ಇದೆ ಎಂಬುದನ್ನು ಬಯಲು ಮಾಡುವುದು ಚಲನೆಯೇ. ಸ್ಟ್ರಾವಾ ಎಂಬ ವ್ಯಾಯಾಮದ ಆ್ಯಪ್ 2017ರ ನವೆಂಬರಿನಲ್ಲಿ ತನ್ನ ಬಳಕೆದಾರರು ಓಡಿದ, ಸೈಕಲ್ ತುಳಿದ ದಾರಿಗಳನ್ನೆಲ್ಲ ಒಂದೇ ಜಾಗತಿಕ ನಕ್ಷೆಯಾಗಿ ಪ್ರಕಟಿಸಿತು. ಯಾರ ಹೆಸರೂ ಅದರಲ್ಲಿರಲಿಲ್ಲ. 2018ರ ಜನವರಿಯಲ್ಲಿ ನೇಥನ್ ರೂಸರ್ ಎಂಬ ಆಸ್ಟ್ರೇಲಿಯದ ವಿದ್ಯಾರ್ಥಿ ಅದನ್ನು ಗಮನಿಸಿದಾಗ, ಸ್ಥಳೀಯರು ಆ ಆ್ಯಪ್ ಅನ್ನು ಅಷ್ಟಾಗಿ ಬಳಸದ ಸಿರಿಯಾ, ಅಫ್ಘಾನಿಸ್ತಾನದಂಥ ನಾಡುಗಳ ಕತ್ತಲಲ್ಲಿ ವಿದೇಶಿ ಸೇನಾ ನೆಲೆಗಳ ಸುತ್ತಲಿನ ಓಟದ ಹಾದಿಗಳು ಹೊಳೆಯುತ್ತಿದ್ದವು. ಅದೇ ವರ್ಷದ ಆಗಸ್ಟಿನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಕಾರ್ಯಾಚರಣೆಯ ಪ್ರದೇಶಗಳಲ್ಲಿ ಸ್ಥಳ ತೋರಿಸುವ ಸೌಲಭ್ಯಗಳ ಬಳಕೆಯನ್ನು ನಿಷೇಧಿಸಿತು. ಹೆಸರು ಅಳಿಸಿದರೆ ಸಾಕು ಎಂಬ ನಂಬಿಕೆಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕಿಲ್ಲ.

2022ರ ಫೆಬ್ರವರಿ 24ರ ಬೆಳಗಿನ ಜಾವ ನಡೆದದ್ದು ಇನ್ನೂ ಸೂಕ್ಷ್ಮವಾದ ಪಾಠ. ರಷ್ಯಾದ ಬೆಲ್ಗೊರೊಡ್‌ನಿಂದ ಉಕ್ರೇನ್ ಗಡಿಯತ್ತ ಹೋಗುವ ರಸ್ತೆಯಲ್ಲಿ ನಡುರಾತ್ರಿ ಕಳೆದ ಹೊತ್ತಿನಲ್ಲಿ ವಾಹನ ದಟ್ಟಣೆ ಉಂಟಾಗಿರುವುದನ್ನು ಅಮೆರಿಕದ ಸಂಶೋಧಕ ಜೆಫ್ರಿ ಲೂಯಿಸ್ ಮತ್ತು ಅವರ ತಂಡ ಗೂಗಲ್ ಮ್ಯಾಪ್ಸ್‌ನಲ್ಲಿ ಕಂಡಿತು. ಆಕ್ರಮಣದ ಅಧಿಕೃತ ಘೋಷಣೆ ಆಗಿನ್ನೂ ಬಂದಿರಲಿಲ್ಲ. ಆ ಕೆಂಪು ಗೆರೆ ಸೈನಿಕರ ಮೊಬೈಲ್‌ಗಳಿಂದ ಮೂಡಿದ್ದಾಗಿರಲಾರದು, ಸೇನೆಯ ದಂಡಿನಿಂದಾಗಿ ರಸ್ತೆಯಲ್ಲಿ ಸಿಕ್ಕಿಕೊಂಡ ಸಾಮಾನ್ಯ ಜನರ ಮೊಬೈಲ್‌ಗಳು ಅದನ್ನು ತೋರಿಸಿರಬಹುದು ಎಂಬುದು ಅವರ ವಿವರಣೆ. ಸೇನೆ ತನ್ನ ಫೋನುಗಳನ್ನೆಲ್ಲ ಆರಿಸಿದರೂ ಸುತ್ತಲಿನವರ ಫೋನುಗಳು ಅದರ ನೆರಳನ್ನು ಬರೆದುಬಿಡುತ್ತವೆ. ಕೆಲವೇ ದಿನಗಳಲ್ಲಿ ಗೂಗಲ್ ಉಕ್ರೇನಿನಲ್ಲಿ ವಾಹನ ದಟ್ಟಣೆಯ ನೇರ ಮಾಹಿತಿಯನ್ನು ಸಾರ್ವಜನಿಕರಿಗೆ ತೋರಿಸುವುದನ್ನು ನಿಲ್ಲಿಸಿತು.

ಹಾಗಾಗಿ ನಿಮ್ಮ ಆ್ಯಪ್ ಅಥವಾ ವಾಹನ ನಿಗಾ ವ್ಯವಸ್ಥೆ ಸ್ಥಳದ ಮಾಹಿತಿಯನ್ನು ಪಡೆಯುತ್ತಿದ್ದರೆ ಈ ಕೆಲಸಗಳನ್ನು ಮಾಡಿ. ಕೆಲಸಕ್ಕೆ ಎಷ್ಟು ನಿಖರತೆ ಬೇಕೋ ಅಷ್ಟನ್ನೇ ಪಡೆಯಿರಿ. ಊರಿನ ಹವಾಮಾನ ತಿಳಿಸಲು ಮೀಟರ್ ಮಟ್ಟದ ಸ್ಥಳ ಬೇಕಿಲ್ಲ. ಹಳೆಯ ಚಲನೆಯ ದಾಖಲೆಗಳನ್ನು ಅಳಿಸಲು ಗಡುವು ಇಡಿ, ಬ್ಯಾಕಪ್ ಪ್ರತಿಗಳಿಗೂ ಆ ಗಡುವು ಅನ್ವಯಿಸಲಿ. ಒಟ್ಟು ನಕ್ಷೆಯನ್ನು ಪ್ರಕಟಿಸುವ ಮುನ್ನ ಬಳಕೆದಾರರು ವಿರಳವಾಗಿರುವ ಪ್ರದೇಶಗಳನ್ನು ತೆಗೆದುಹಾಕಿ, ಏಕೆಂದರೆ ಗುಂಪಿನಲ್ಲಿ ಮರೆಯಾಗುವ ಗೆರೆ ನಿರ್ಜನ ಪ್ರದೇಶದಲ್ಲಿ ಎದ್ದು ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಆ್ಯಪ್‌ನೊಳಗೆ ಸೇರಿಸಿಕೊಂಡಿರುವ ಹೊರಗಿನವರ ಸಾಫ್ಟ್‌ವೇರ್ ಭಾಗಗಳನ್ನು ಒಂದೊಂದಾಗಿ ಪರಿಶೀಲಿಸಿ. ಜಾಹೀರಾತಿಗಾಗಿ ಇಟ್ಟ ಸಣ್ಣದೊಂದು ತುಣುಕು ಬಳಕೆದಾರರ ಸ್ಥಳವನ್ನು ದತ್ತಾಂಶ ದಲ್ಲಾಳಿಗಳಿಗೆ ಕಳಿಸುತ್ತಿರಬಹುದು, ಮತ್ತು ದಲ್ಲಾಳಿಯ ಗಿರಾಕಿ ಯಾರೆಂದು ಕೇಳುವವರು ಯಾರೂ ಇರುವುದಿಲ್ಲ. ಹೀಗೆ ಬೇಹುಗಾರಿಕೆಯ ಅಗತ್ಯವೇ ಇಲ್ಲದೆ ಮಾರುಕಟ್ಟೆಯಲ್ಲಿ ಕೊಳ್ಳಬಹುದಾದ ಮಾಹಿತಿಯನ್ನು ತಡೆಯುವ ಉದ್ದೇಶದಿಂದಲೇ ಅಮೆರಿಕದ ನ್ಯಾಯ ಇಲಾಖೆ 2025ರ ಏಪ್ರಿಲ್ 8ರಿಂದ ಹೊಸ ನಿಯಮ ಜಾರಿಗೆ ತಂದಿದೆ. ಅದರ ಪ್ರಕಾರ 1,000ಕ್ಕೂ ಹೆಚ್ಚು ಅಮೆರಿಕದ ಸಾಧನಗಳ ನಿಖರ ಸ್ಥಳದ ಮಾಹಿತಿಯನ್ನು ಚೀನಾ, ರಷ್ಯಾ, ಇರಾನ್, ಉತ್ತರ ಕೊರಿಯಾ, ಕ್ಯೂಬಾ, ವೆನೆಜುವೆಲಾ ದೇಶಗಳಿಗೆ ಅಥವಾ ಅವುಗಳ ಹಿಡಿತದಲ್ಲಿರುವವರಿಗೆ ಮಾರುವುದು ನಿಷಿದ್ಧ. ಸರ್ಕಾರಿ ಮಹತ್ವದ್ದೆಂದು ಗುರುತಿಸಿದ ಸ್ಥಳಗಳಿಗೆ ಸಂಬಂಧಿಸಿದ ಮಾಹಿತಿಯಾದರೆ ಪ್ರಮಾಣ ಎಷ್ಟೇ ಇದ್ದರೂ ನಿಷೇಧ ಅನ್ವಯಿಸುತ್ತದೆ.

ನಾಲ್ಕನೆಯ ಕೆಲಸ: ಸಂಗ್ರಹಿಸುವವರು ಯಾರೆಂದು ಬುಡದವರೆಗೆ ಕೇಳುವುದು

ಡ್ರೋನ್, ಲೇಸರ್‌ನಿಂದ ಅಳೆಯುವ ಲೈಡಾರ್, ಸರ್ವೆ ಉಪಕರಣ, ಕ್ಯಾಮೆರಾಗಳಿರುವ ಕಾರು, ನಕ್ಷೆ ಸಾಫ್ಟ್‌ವೇರ್, ಇವು ಎಲ್ಲಿ ತಯಾರಾದವು ಎಂಬುದಕ್ಕಿಂತ ಅವು ದತ್ತಾಂಶವನ್ನು ಎಲ್ಲಿಗೆ ಕಳಿಸುತ್ತವೆ ಎಂಬುದು ಹೆಚ್ಚು ಮುಖ್ಯ. 2017ರಲ್ಲಿ ಅಮೆರಿಕದ ಭೂಸೇನೆ ಸೈಬರ್ ದೌರ್ಬಲ್ಯದ ಕಾರಣ ನೀಡಿ ಚೀನಾದ ಡಿಜೆಐ ಡ್ರೋನ್‌ಗಳ ಬಳಕೆಯನ್ನು ನಿಲ್ಲಿಸಿತು. 2025ರ ಜನವರಿಯಲ್ಲಿ ಅಮೆರಿಕದ ವಾಣಿಜ್ಯ ಇಲಾಖೆ ಅಂತರ್ಜಾಲ ಸಂಪರ್ಕವಿರುವ ಕಾರುಗಳಲ್ಲಿ ಚೀನಾ ಮತ್ತು ರಷ್ಯಾ ಮೂಲದ ಕೆಲವು ತಂತ್ರಾಂಶ ಹಾಗೂ ಉಪಕರಣಗಳನ್ನು ನಿಷೇಧಿಸುವ ನಿಯಮ ಪ್ರಕಟಿಸಿತು. ಇತ್ತ ಚೀನಾ ಕೂಡ ತನ್ನ ಸೇನಾ ಆವರಣಗಳಿಗೆ ಟೆಸ್ಲಾ ಕಾರುಗಳ ಪ್ರವೇಶವನ್ನು 2021ರಲ್ಲಿ ತಡೆಯಿತೆಂದು ವರದಿಯಾಯಿತು. ಎರಡೂ ಕಡೆಯವರು ಹೆದರುವುದು ಒಂದೇ ಸಂಗತಿಗೆ: ಕ್ಯಾಮೆರಾ, ಸಂವೇದಕಗಳಿರುವ ಪ್ರತಿ ಕಾರೂ ರಸ್ತೆಯಲ್ಲಿ ಓಡಾಡುತ್ತ ಸುತ್ತಲಿನ ಸೂಕ್ಷ್ಮ ಸರ್ವೆ ಮಾಡುತ್ತಲೇ ಹೋಗಬಲ್ಲದು.

ಉಪಕರಣ ಕೊಳ್ಳುವಾಗ ಮತ್ತು ಸರ್ವೆ ಗುತ್ತಿಗೆ ಕೊಡುವಾಗ ಮಾರಾಟಗಾರನಿಂದ ಬರಹದಲ್ಲಿ ಉತ್ತರ ಪಡೆಯಿರಿ. ಹಾರಾಟದ ಲಾಗ್ ಯಾವ ದೇಶದ ಸರ್ವರ್‌ಗೆ ಹೋಗುತ್ತದೆ? ಅಂತರ್ಜಾಲವಿಲ್ಲದೆ ಉಪಕರಣ ಕೆಲಸ ಮಾಡುತ್ತದೆಯೇ? ಸ್ಥಾನ ನಿಖರಗೊಳಿಸುವ ಆರ್‌ಟಿಕೆ ತಿದ್ದುಪಡಿ ಸೇವೆಯನ್ನು ಯಾರು ಒದಗಿಸುತ್ತಾರೆ? ಆ ಸೇವೆಗೆ ನಿಮ್ಮ ಉಪಕರಣ ತನ್ನ ಸ್ಥಾನವನ್ನು ಕಳಿಸುತ್ತಲೇ ಇರುವುದು ಸಾಮಾನ್ಯವಾದ್ದರಿಂದ, ಎಲ್ಲಿ, ಯಾವಾಗ ಸರ್ವೆ ನಡೆಯಿತು ಎಂಬುದು ಸೇವೆ ನೀಡುವವನಿಗೆ ತಿಳಿದುಬಿಡುತ್ತದೆ. ಇದು ಹೆಚ್ಚಿನವರು ಗಮನಿಸದ ಕಿಂಡಿ. ಚಿತ್ರಗಳನ್ನು ಮೂರು ಆಯಾಮದ ಮಾದರಿಯಾಗಿಸುವ ಕೆಲಸ ಕ್ಲೌಡ್‌ನಲ್ಲಿ ನಡೆಯುತ್ತದೆಯೇ, ನಡೆದರೆ ಮೂಲ ಚಿತ್ರಗಳು ಅಲ್ಲೇ ಉಳಿಯುತ್ತವೆಯೇ? ಉಪಗುತ್ತಿಗೆದಾರ ಯಾರು, ಅವನ ಕಂಪನಿಯ ಅಂತಿಮ ಮಾಲೀಕ ಯಾರು? ಮಾಲೀಕನ ದೇಶದ ಕಾನೂನು ಕಂಪನಿಯ ಮೇಲೆ ಯಾವ ಬಾಧ್ಯತೆ ಹೇರುತ್ತದೆ? ಚೀನಾದ 2017ರ ರಾಷ್ಟ್ರೀಯ ಗುಪ್ತಚರ ಕಾನೂನು ಅಲ್ಲಿನ ಸಂಸ್ಥೆಗಳು ಗುಪ್ತಚರ ಕೆಲಸಕ್ಕೆ ಸಹಕರಿಸಬೇಕೆಂದು ಹೇಳುತ್ತದೆ. ಅಮೆರಿಕದ 2018ರ ಕ್ಲೌಡ್ ಕಾಯ್ದೆ ತನ್ನ ಕಂಪನಿಗಳು ಹೊರದೇಶದಲ್ಲಿ ಇಟ್ಟಿರುವ ದತ್ತಾಂಶವನ್ನೂ ನ್ಯಾಯಾಂಗದ ಆದೇಶದ ಮೇಲೆ ಕೇಳಲು ಅವಕಾಶ ಕೊಡುತ್ತದೆ. ಸರ್ವರ್ ನಿಮ್ಮ ನೆಲದಲ್ಲಿದ್ದ ಮಾತ್ರಕ್ಕೆ ಎಲ್ಲವೂ ಸುರಕ್ಷಿತ ಎಂದು ತಿಳಿಯಬೇಡಿ.

ಮಾರಾಟಗಾರನ ಮಾತನ್ನು ಪರೀಕ್ಷಿಸುವುದು ಕಷ್ಟವೇನಲ್ಲ. ಉಪಕರಣವನ್ನು ಪ್ರತ್ಯೇಕ ನೆಟ್‌ವರ್ಕ್‌ಗೆ ಜೋಡಿಸಿ, ಯಾವುದೇ ಮಹತ್ವವಿಲ್ಲದ ಬಯಲಿನಲ್ಲಿ ಒಮ್ಮೆ ಬಳಸಿ, ಅದು ಯಾವ ವಿಳಾಸಗಳೊಂದಿಗೆ ಮಾತಾಡುತ್ತದೆ ಎಂದು ನೆಟ್‌ವರ್ಕ್ ತಂತ್ರಜ್ಞರಿಂದ ದಾಖಲಿಸಿಕೊಳ್ಳಿ. ತಂತ್ರಾಂಶದ ಪ್ರತಿ ದೊಡ್ಡ ಅಪ್‌ಡೇಟ್ ನಂತರ ಈ ಪರೀಕ್ಷೆಯನ್ನು ಮತ್ತೆ ಮಾಡಿ. ಕರಾರಿನಲ್ಲಿ ಮೂಲ ದತ್ತಾಂಶದ ಒಡೆತನ ನಿಮ್ಮದೆಂದೂ, ಕೆಲಸ ಮುಗಿದ ಮೇಲೆ ಎಲ್ಲ ಪ್ರತಿಗಳನ್ನು ಒಪ್ಪಿಸಿ ಅಳಿಸಬೇಕೆಂದೂ, ಮಾಲೀಕತ್ವ ಬದಲಾದರೆ ತಿಳಿಸಬೇಕೆಂದೂ, ಅಳಿಸಿದ್ದನ್ನು ಪರಿಶೀಲಿಸುವ ಹಕ್ಕು ನಿಮಗಿದೆಯೆಂದೂ ಬರೆಸಿ. ಸಂಸ್ಕರಿಸಿದ ಅಂತಿಮ ನಕ್ಷೆಯನ್ನಷ್ಟೇ ಪಡೆದು ಅಳತೆಯ ಒಂದೊಂದು ಬಿಂದುವೂ ಇರುವ ಮೂಲ ದತ್ತಾಂಶವನ್ನು ಗುತ್ತಿಗೆದಾರನ ಬಳಿಯೇ ಬಿಟ್ಟುಬಿಡುವುದು ಸಾಮಾನ್ಯವಾಗಿ ಕಾಣುವ ನಿರ್ಲಕ್ಷ್ಯ. ಹೆಚ್ಚು ವಿವರವಿರುವುದು ಆ ಮೂಲದಲ್ಲಿಯೇ.

ಕಾನೂನಿನ ಬಗ್ಗೆ ಒಂದೆರಡು ಮಾತು ಸಾಕು, ಏಕೆಂದರೆ ಪ್ರತಿ ದೇಶದ ದಾರಿ ಬೇರೆ. ಭಾರತದ 2021ರ ಫೆಬ್ರವರಿ 15ರ ಮಾರ್ಗಸೂಚಿಗಳು ಅಡ್ಡಳತೆಯಲ್ಲಿ 1 ಮೀಟರ್, ಎತ್ತರದಲ್ಲಿ 3 ಮೀಟರ್ ಎಂಬ ಮಿತಿಯನ್ನು ಹಾಕಿ, ಅದಕ್ಕಿಂತ ಸೂಕ್ಷ್ಮವಾದ ದತ್ತಾಂಶವನ್ನು ಸೃಷ್ಟಿಸುವ ಮತ್ತು ಹೊಂದುವ ಹಕ್ಕನ್ನು ಭಾರತೀಯ ಸಂಸ್ಥೆಗಳಿಗಷ್ಟೇ ಕೊಟ್ಟಿವೆ. ಅದನ್ನು ದೇಶದೊಳಗೇ ಇಟ್ಟು ಸಂಸ್ಕರಿಸಬೇಕು. ದಕ್ಷಿಣ ಕೊರಿಯಾ 1:5,000 ಪ್ರಮಾಣದ ನಕ್ಷೆಯನ್ನು ಹೊರದೇಶಕ್ಕೆ ಒಯ್ಯಲು ಗೂಗಲ್ ಕೇಳಿದ ಅನುಮತಿಯನ್ನು 2007ರಲ್ಲೂ 2016ರಲ್ಲೂ ನಿರಾಕರಿಸಿತು. ಚೀನಾದಲ್ಲಿ ಸಾರ್ವಜನಿಕ ನಕ್ಷೆಗಳ ನಿರ್ದೇಶಾಂಕಗಳನ್ನೇ (ಅಕ್ಷಾಂಶ, ರೇಖಾಂಶ) ಕೆಲವು ನೂರು ಮೀಟರ್‌ಗಳಷ್ಟು ಸರಿಸುವ ಪದ್ಧತಿಯಿದೆ. ಆ ಸರಿಸುವಿಕೆಯನ್ನು ಹಿಮ್ಮೊಗ ಮಾಡುವ ಸೂತ್ರಗಳು ಅಂತರ್ಜಾಲದಲ್ಲಿ ಬಹಳ ಕಾಲದಿಂದ ಓಡಾಡುತ್ತಿರುವುದರಿಂದ, ಈ ಉಪಾಯವನ್ನು ಅನುಕರಿಸಲು ನಾನು ಯಾರಿಗೂ ಹೇಳಲಾರೆ. ಸಮುದ್ರದ ತಳವನ್ನು ಅಳೆಯುವ ಹಡಗುಗಳ ವಿಷಯದಲ್ಲಿ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದವು ಕರಾವಳಿ ದೇಶದ ವಿಶೇಷ ಆರ್ಥಿಕ ವಲಯದಲ್ಲಿ, ಅಂದರೆ ಸಂಪನ್ಮೂಲಗಳ ಹಕ್ಕು ಆ ದೇಶಕ್ಕಿರುವ ಸಮುದ್ರ ಭಾಗದಲ್ಲಿ, ವೈಜ್ಞಾನಿಕ ಸಂಶೋಧನೆಗೆ ಆ ದೇಶದ ಒಪ್ಪಿಗೆ ಬೇಕೆನ್ನುತ್ತದೆ, ವಿವರಗಳನ್ನು ಆರು ತಿಂಗಳು ಮೊದಲೇ ಸಲ್ಲಿಸಬೇಕೆನ್ನುತ್ತದೆ. ಸೇನಾ ಸರ್ವೆಗೆ ಇದು ಅನ್ವಯಿಸುತ್ತದೆಯೇ ಎಂಬ ವಿವಾದ ಮಾತ್ರ ಬಗೆಹರಿದಿಲ್ಲ. ಜಂಟಿ ಸಂಶೋಧನೆಗೆ ಒಪ್ಪುವ ವಿಶ್ವವಿದ್ಯಾಲಯಗಳು ಸಮುದ್ರತಳದ ಆಳ, ಉಪ್ಪಿನಂಶ, ಉಷ್ಣತೆಯ ದತ್ತಾಂಶ ಜಲಾಂತರ್ಗಾಮಿಗಳ ಓಡಾಟಕ್ಕೂ ಅವುಗಳ ಪತ್ತೆಗೂ ಬೇಕಾದದ್ದೇ ಎಂಬುದನ್ನು ನೆನಪಿಡಬೇಕು.

ಐದನೆಯ ಕೆಲಸ: ಮುಚ್ಚುವ ಬಗೆಯನ್ನು ವಿವೇಚನೆಯಿಂದ ಆರಿಸುವುದು

ಚಿತ್ರವನ್ನು ಮಸುಕುಗೊಳಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಮತ್ತು ನನ್ನ ತೀರ್ಮಾನದಲ್ಲಿ ಅತ್ಯಂತ ಕೆಟ್ಟ ಉಪಾಯ. ರಷ್ಯಾದ ಯಾಂಡೆಕ್ಸ್ ನಕ್ಷೆ ಸೇವೆಯಲ್ಲಿ ಇಸ್ರೇಲ್ ಮತ್ತು ಟರ್ಕಿಯ ಸೇನಾ ಸ್ಥಳಗಳನ್ನು ಒಂದೊಂದಾಗಿ ಮಸುಕುಗೊಳಿಸಿರುವುದನ್ನು ಫೆಡರೇಷನ್ ಆಫ್ ಅಮೆರಿಕನ್ ಸೈಂಟಿಸ್ಟ್ಸ್‌ನ ಸಂಶೋಧಕ ಮ್ಯಾಟ್ ಕೋರ್ಡಾ 2018ರ ಡಿಸೆಂಬರಿನಲ್ಲಿ ತೋರಿಸಿದರು. ಮಸುಕಾದ 300ಕ್ಕೂ ಹೆಚ್ಚು ಜಾಗಗಳನ್ನು ಎಣಿಸುತ್ತ ಹೋದರೆ ಅದೇ ಸೇನಾ ಸ್ಥಳಗಳ ಪಟ್ಟಿಯಾಗುತ್ತಿತ್ತು. ಬೇರೆ ಸೇವೆಯಲ್ಲಿ ಅದೇ ಜಾಗದ ಚಿತ್ರ ಸ್ಪಷ್ಟವಾಗಿ ಸಿಗುತ್ತಿತ್ತು. ಮಸುಕುಗೊಳಿಸುವ ಬದಲು ಸಾರ್ವಜನಿಕ ಪ್ರತಿಯಲ್ಲಿ ಸೂಕ್ಷ್ಮ ಕಾಲಂಗಳನ್ನು ಎಲ್ಲ ಸಾಲುಗಳಿಂದಲೂ ಸಮನಾಗಿ ತೆಗೆಯಿರಿ. ಮಹತ್ವದ ಸಾಲುಗಳಿಂದ ಮಾತ್ರ ತೆಗೆದರೆ ಖಾಲಿ ಜಾಗವೇ ಬೆರಳು ತೋರಿಸುತ್ತದೆ. ನೆಲದಡಿಯ ಜಾಲವನ್ನು ಬೀದಿಯ ಮಟ್ಟಕ್ಕೆ ಸರಳಗೊಳಿಸಿ. ನೆಲ ಅಗೆಯುವವರಿಗೆ ನಿಖರ ವಿವರ ಬೇಕಾದಾಗ ಗುರುತು ದಾಖಲಿಸಿಕೊಂಡು ಅಗೆಯುವ ಜಾಗದ್ದನ್ನಷ್ಟೇ ಕೊಡಿ. ಇಡೀ ಪದರವನ್ನು ಒಂದೇ ಬಾರಿ ಇಳಿಸಿಕೊಳ್ಳಲು ಬಿಡಬೇಡಿ. ಒಬ್ಬರೇ ಸಣ್ಣ ಸಣ್ಣ ತುಂಡುಗಳಾಗಿ ಇಡೀ ಪ್ರದೇಶವನ್ನು ಕೇಳುತ್ತಿದ್ದಾರೆಯೇ ಎಂದು ಲಾಗ್ ನೋಡುತ್ತಿರಿ.

ಮುಚ್ಚುವುದಕ್ಕೂ ಬೆಲೆಯಿದೆ. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ರಾಜಧಾನಿಯ ವಿವರವಾದ ನಕ್ಷೆ ರಕ್ಷಣಾ ತಂಡಗಳ ಕೈಯಲ್ಲಿರಲಿಲ್ಲ. ಜಗತ್ತಿನಾದ್ಯಂತದ ಸ್ವಯಂಸೇವಕರು ಉಪಗ್ರಹ ಚಿತ್ರಗಳನ್ನು ನೋಡಿ ಎಲ್ಲರಿಗೂ ತೆರೆದ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಕೆಲವೇ ದಿನಗಳಲ್ಲಿ ಬೀದಿಗಳನ್ನು ಗುರುತಿಸಿದ ಮೇಲೆ ಆ ತಂಡಗಳು ಅದನ್ನೇ ಬಳಸಿದವು. ಹಾಗಾಗಿ ಮುಚ್ಚುವುದರ ನಷ್ಟವನ್ನು ತೂಗುವ ಮೂರನೆಯ ಪ್ರಶ್ನೆಯನ್ನು ಕೇಳುವಾಗ ಭದ್ರತಾ ಅಧಿಕಾರಿಯೊಬ್ಬರೇ ಕುಳಿತು ತೀರ್ಮಾನಿಸಬಾರದು. ಅಗ್ನಿಶಾಮಕ ದಳ, ಆರೋಗ್ಯ, ಪ್ರವಾಹ ನಿರ್ವಹಣೆಯವರೂ ಕೋಣೆಯಲ್ಲಿರಬೇಕು.

ದತ್ತಾಂಶ ಹೊರಗೆ ಹೋಗಿರುವುದು ಗೊತ್ತಾದಾಗ

ಕದ್ದ ಪಾಸ್‌ವರ್ಡನ್ನು ಬದಲಾಯಿಸಬಹುದು, ಅಣೆಕಟ್ಟಿನ ನಿರ್ದೇಶಾಂಕವನ್ನು ಬದಲಾಯಿಸಲಾಗದು. ಆದ್ದರಿಂದ ಮೊದಲು ಯಾವ ಪದರ, ಯಾವ ಕಾಲಂ, ಯಾವ ದಿನಾಂಕದ ಆವೃತ್ತಿ ಹೋಗಿದೆ ಎಂದು ನಿಖರವಾಗಿ ಗುರುತಿಸಿ. ಮೊದಲೇ ಮಾಡಿಟ್ಟ ಪಟ್ಟಿ ಇಲ್ಲಿ ನೆರವಿಗೆ ಬರುತ್ತದೆ. ನಂತರ ಅದನ್ನು ಎರಡು ಭಾಗ ಮಾಡಿ. ಬದಲಾಯಿಸಬಹುದಾದದ್ದು ಒಂದು ಭಾಗ: ಕಾವಲುಗಾರರ ಗಸ್ತಿನ ಹಾದಿ ಮತ್ತು ವೇಳೆ, ಇಂಧನ ಟ್ಯಾಂಕರ್‌ಗಳ ಮಾರ್ಗ, ದೂರದಿಂದ ನಿಯಂತ್ರಿಸುವ ಕವಾಟಗಳ ಪ್ರವೇಶ ಸಂಕೇತ. ಇವನ್ನು ತಡಮಾಡದೆ ಬದಲಾಯಿಸಿ. ಬದಲಾಯಿಸಲಾಗದ್ದು ಇನ್ನೊಂದು: ಕೊಳವೆಯ ಹಾದಿ, ಸೇತುವೆಯ ಕಂಬ, ಉಪಕೇಂದ್ರದ ಜಾಗ. ಎದುರಾಳಿಗೆ ಇವು ತಿಳಿದಿವೆ ಎಂದೇ ಭಾವಿಸಿ, ಬಿರುಕಿರುವ ಕಂಬವನ್ನು ದುರಸ್ತಿ ಮಾಡಿಸುವುದು, ಒಂದೇ ಗುಂಡಿಯಲ್ಲಿರುವ ಎರಡು ಕೇಬಲ್‌ಗಳನ್ನು ಬೇರ್ಪಡಿಸುವುದು, ಒಂದೇ ಉಪಕೇಂದ್ರವನ್ನು ನಂಬಿರುವ ಆಸ್ಪತ್ರೆಗೆ ಎರಡನೆಯ ವಿದ್ಯುತ್ ಮಾರ್ಗ ಕೊಡುವುದು, ಇವುಗಳಿಗೆ ಆದ್ಯತೆ ಕೊಡಿ. ದೇಶದ ಸೈಬರ್ ಭದ್ರತಾ ಸಂಸ್ಥೆಗೆ ವರದಿ ಮಾಡುವಾಗ ಫೈಲಿನ ಹೆಸರನ್ನಷ್ಟೇ ಬರೆಯದೆ, ಆ ಕಾಲಂಗಳಿಂದ ಎದುರಾಳಿ ಏನನ್ನು ಲೆಕ್ಕ ಹಾಕಬಲ್ಲನು ಎಂಬುದನ್ನೂ ಬರೆಯಿರಿ, ಏಕೆಂದರೆ ಅದನ್ನು ಓದುವವರು ನಕ್ಷೆ ತಜ್ಞರಾಗಿರಬೇಕೆಂದಿಲ್ಲ.

ಈ ಇಡೀ ಪರಿಶೀಲನೆಯನ್ನು ಕನಿಷ್ಠ ವರ್ಷಕ್ಕೊಮ್ಮೆ ಮಾಡಿ. ಹೊಸ ಪದರ ಸೇರಿದಾಗ, ಎರಡು ವಿಭಾಗಗಳ ದತ್ತಾಂಶ ಒಂದೇ ಜಾಲತಾಣಕ್ಕೆ ಬಂದಾಗ, ಗುತ್ತಿಗೆದಾರ ಬದಲಾದಾಗ ವರ್ಷ ತುಂಬುವುದನ್ನು ಕಾಯದೆ ಮಾಡಿ. ಎರಡು ವಿಭಾಗಗಳು ಕೂಡಿದ ಸಂದರ್ಭವನ್ನು ವಿಶೇಷವಾಗಿ ಗಮನಿಸಿ: ನೀರಿನ ವಿಭಾಗದ ಪದರವನ್ನೂ ವಿದ್ಯುತ್ ವಿಭಾಗದ ಪದರವನ್ನೂ ಬೇರೆ ಬೇರೆಯಾಗಿ ತೂಗಿ ನಿರಪಾಯವೆಂದು ಬಿಟ್ಟಿದ್ದರೂ, ಅವೆರಡನ್ನೂ ಒಂದರ ಮೇಲೊಂದು ಇಟ್ಟಾಗ ಯಾವ ಪಂಪು ಯಾವ ತಂತಿಯನ್ನು ನಂಬಿದೆ ಎಂಬುದು ಹೊರಬೀಳುತ್ತದೆ, ಮತ್ತು ಆ ಜೋಡಣೆಯನ್ನು ಪರಿಶೀಲಿಸುವ ಹೊಣೆ ಯಾವ ವಿಭಾಗದ್ದೆಂದು ಮೊದಲೇ ಬರೆದಿಡದಿದ್ದರೆ ಅದು ಯಾರದ್ದೂ ಆಗಿರುವುದಿಲ್ಲ.